ಸೋತ ಎರಡು ಔಷಧಗಳು ಜೊತೆಗೂಡಿದಾಗ

ವರದಿಯಲ್ಲಿ ಹದಿನೆಂಟು ಔಷಧಗಳ ಹೆಸರಿದ್ದವು. ಹದಿನೇಳರ ಮುಂದೆ 'ಆರ್' ಎಂದು ಅಚ್ಚಾಗಿತ್ತು. ರೆಸಿಸ್ಟೆಂಟ್, ಅಂದರೆ ಈ ಬ್ಯಾಕ್ಟೀರಿಯಾ ಆ ಔಷಧಕ್ಕೆ ಜಗ್ಗುವುದಿಲ್ಲ. ಉಳಿದ ಒಂದರ ಮುಂದೆ 'ಐ' ಇತ್ತು. ಇಂಟರ್‌ಮೀಡಿಯೆಟ್, ಅಂದರೆ ತಾಗಬಹುದು, ಭರವಸೆ ಇಲ್ಲ. ರಾಯಚೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದ ಹೊರಗೆ ನಮ್ಮ ದೊಡ್ಡಪ್ಪನ ಮಗ ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಅಕ್ಕಾ, ಪಟ್ಟಿಯಲ್ಲಿ ಸೋತಿರುವ ಎರಡು ಔಷಧಗಳನ್ನೇ ಡಾಕ್ಟರು ಬರೆದುಕೊಟ್ಟಿದ್ದಾರೆ. ಕಣ್ತಪ್ಪಿನಿಂದ ಬರೆದರೋ ಏನೋ, ನೀನೇ ಒಮ್ಮೆ ಕೇಳು" ಎಂದ.

ಕಣ್ತಪ್ಪಾಗಿರಲಿಲ್ಲ. ಆ ಎರಡು ಔಷಧಗಳು ಸೆಫ್ಟಾಜಿಡಿಮ್–ಅವಿಬ್ಯಾಕ್ಟಮ್ ಮತ್ತು ಅಜ್ಟ್ರಿಯೋನಾಮ್. ಬೇರೆಬೇರೆಯಾಗಿ ಕೊಟ್ಟರೆ ದೊಡ್ಡಪ್ಪನ ರಕ್ತದಲ್ಲಿ ಬೆಳೆಯುತ್ತಿದ್ದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಪಾಲಿಗೆ ಎರಡೂ ನೀರಿಗೆ ಸಮಾನ. ಒಟ್ಟಿಗೆ ಕೊಟ್ಟರೆ ಅದು ಸಾಯುತ್ತದೆ. ಆದರೆ ಹೊರಗಿನಿಂದ ನೋಡಿದರೆ ಇದಕ್ಕಿಂತ ಎಷ್ಟೋ ಸಮಂಜಸ ಎನಿಸುವ ಇನ್ನೊಂದು ಜೋಡಿಯನ್ನು ನೂರಾರು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದಾಗ, ಒಂದೇ ಔಷಧ ಕೊಟ್ಟಿದ್ದಕ್ಕಿಂತ ಹೆಚ್ಚಿನ ಜೀವಗಳು ಉಳಿದದ್ದು ಸಾಬೀತಾಗಲಿಲ್ಲ. ಮೊದಲನೆಯದು ಯಾಕೆ ಗೆಲ್ಲುತ್ತದೆ, ಎರಡನೆಯದು ಯಾಕೆ ಗೆಲ್ಲಲಿಲ್ಲ? ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ಇಂತಹ ವರದಿಗಳನ್ನು ದಿನವೂ ಬರೆಯುತ್ತೇನೆ. ಆದರೂ ಅಂದು ತಮ್ಮನಿಗೆ ಇದನ್ನು ಬಿಡಿಸಿ ಹೇಳಲು ಆ ಕಟ್ಟೆಯ ಮೇಲೆ ಒಂದು ತಾಸು ಹಿಡಿಯಿತು. ಎರಡು ಔಷಧ ಎಂದರೆ ಎರಡು ಪಟ್ಟು ಬಲ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಎರಡು ಸುತ್ತಿನ ಕೋಟೆ

1884ರಲ್ಲಿ ಬರ್ಲಿನ್‌ನಲ್ಲಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಒಂದು ಬಣ್ಣದ ಪರೀಕ್ಷೆ ಕಂಡುಹಿಡಿದರು. ಗಾಜಿನ ಮೇಲಿನ ಬ್ಯಾಕ್ಟೀರಿಯಾಕ್ಕೆ ನೇರಳೆ ಬಣ್ಣ ಹಚ್ಚಿ, ಅಯೋಡಿನ್ ಹಾಕಿ, ಆಲ್ಕೋಹಾಲ್‌ನಿಂದ ತೊಳೆದಾಗ ಕೆಲವು ಜಾತಿಗಳು ಬಣ್ಣವನ್ನು ಉಳಿಸಿಕೊಂಡವು, ಕೆಲವು ಕಳೆದುಕೊಂಡವು. ಕಳೆದುಕೊಂಡವೇ ಗ್ರಾಮ್ ನೆಗೆಟಿವ್. ದೊಡ್ಡಪ್ಪನ ಕ್ಲೆಬ್ಸಿಯೆಲ್ಲಾವೂ ಇವುಗಳಲ್ಲೊಂದು. ಇಂದಿಗೂ ನಮ್ಮ ಪ್ರಯೋಗಾಲಯದ ಬೆಳಗು ಇದೇ ಪರೀಕ್ಷೆಯಿಂದ ಆರಂಭವಾಗುತ್ತದೆ. ಕೊನೆಯಲ್ಲಿ ಹಾಕುವ ಕೆಂಪು ಬಣ್ಣದಿಂದಾಗಿ ಗ್ರಾಮ್ ನೆಗೆಟಿವ್‌ಗಳು ಸೂಕ್ಷ್ಮದರ್ಶಕದಲ್ಲಿ ಗುಲಾಬಿಯಾಗಿ ಕಾಣುತ್ತವೆ.

ಬಣ್ಣದ ಈ ವ್ಯತ್ಯಾಸ ಗೋಡೆಯ ವ್ಯತ್ಯಾಸ. ರಾಯಚೂರು ಕೋಟೆಯನ್ನು ಸುತ್ತಿ ಬಂದವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಅಲ್ಲಿ ಒಳಸುತ್ತಿನ ಗೋಡೆ ಕಾಕತೀಯರ ಕಾಲದ್ದು, ಉದ್ದನೆಯ ಒಂದೇ ಬಂಡೆಯ ಮೇಲೆ 1294ರ ಶಾಸನ ಕೆತ್ತಿದ್ದಾರೆ. ಹೊರಸುತ್ತಿನ ಗೋಡೆಯನ್ನು ಮುಂದೆ ಬಂದ ಸುಲ್ತಾನರು ಕಟ್ಟಿಸಿದರು. ಹೊರಗೋಡೆಯನ್ನು ದಾಟಿದ ಶತ್ರು ಎರಡು ಗೋಡೆಗಳ ನಡುವಿನ ಜಾಗದಲ್ಲಿ ಸಿಕ್ಕಿಬೀಳುತ್ತಿದ್ದ. ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾದ್ದೂ ಹಾಗೆಯೇ. ಒಳಗೆ ತೆಳುವಾದ ಗಟ್ಟಿ ಗೋಡೆ, ಅದರ ಹೊರಗೆ ಕೊಬ್ಬು ಮತ್ತು ಸಕ್ಕರೆಯ ಅಣುಗಳಿಂದಾದ ಇನ್ನೊಂದು ಪೊರೆ. ಹೊರಪೊರೆಯಲ್ಲಿ ಪೋರಿನ್ ಎಂಬ ಸಣ್ಣ ದಿಡ್ಡಿಬಾಗಿಲುಗಳಿವೆ. ದೊಡ್ಡ ಗಾತ್ರದ ಔಷಧಗಳು ಅಲ್ಲಿ ತೂರುವುದಿಲ್ಲ. ತೂರಿ ಬಂದವನ್ನು ಹೊರಕ್ಕೆ ಎತ್ತಿ ಹಾಕುವ ಪಂಪುಗಳಿವೆ. ಅದನ್ನೂ ದಾಟಿದವಕ್ಕೆ ಎರಡು ಗೋಡೆಗಳ ನಡುವೆ ಕಿಣ್ವಗಳು ಕಾದು ನಿಂತಿರುತ್ತವೆ.

ಆ ಕಿಣ್ವಗಳ ಹೆಸರು ಬೀಟಾ ಲ್ಯಾಕ್ಟಮೇಸ್. ಪೆನಿಸಿಲಿನ್‌ನಿಂದ ಹಿಡಿದು ಸೆಫಲೋಸ್ಪೋರಿನ್, ಮೆರೋಪೆನೆಮ್‌ವರೆಗಿನ, ಬೀಟಾ ಲ್ಯಾಕ್ಟಮ್ ಎಂಬ ದೊಡ್ಡ ಔಷಧ ಕುಟುಂಬವೊಂದಿದೆ. ಒಳಗೋಡೆ ಕಟ್ಟುವ ಕೆಲಸವನ್ನು ನಿಲ್ಲಿಸಿ ಬ್ಯಾಕ್ಟೀರಿಯಾವನ್ನು ಒಡೆದುಹಾಕುವುದು ಈ ಕುಟುಂಬದ ವೃತ್ತಿ. ಬೀಟಾ ಲ್ಯಾಕ್ಟಮೇಸ್‌ಗಳು ಈ ಔಷಧಗಳ ನಡುವಿನ ಉಂಗುರವನ್ನು ಕತ್ತರಿಸಿ ನಿಷ್ಪ್ರಯೋಜಕ ಮಾಡುತ್ತವೆ. ಇವುಗಳಲ್ಲಿ ಹಲವು ಬಗೆ. ಕೆಲವು ಸೆಫಲೋಸ್ಪೋರಿನ್‌ಗಳನ್ನು ಕತ್ತರಿಸುತ್ತವೆ, ಇನ್ನು ಕೆಲವು ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿದ್ದ ಮೆರೋಪೆನೆಮ್ ಗುಂಪನ್ನೂ ಕತ್ತರಿಸುತ್ತವೆ. ಈ ಎರಡನೆಯ ಗುಂಪಿನಲ್ಲಿ ಭಾರತದಲ್ಲಿ ಹೆಚ್ಚಾಗಿ ಸಿಗುವವು ಎನ್‌ಡಿಎಂ ಮತ್ತು ಓಎಕ್ಸ್‌ಎ-48. ಎನ್‌ಡಿಎಂ ಮೊದಲು ಪತ್ತೆಯಾದದ್ದು 2008ರಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರ ಮೂತ್ರದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದಲ್ಲಿ. ಅದರ ಹೆಸರಿನಲ್ಲಿ ನ್ಯೂಡೆಲ್ಲಿ ಸೇರಿಕೊಂಡದ್ದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಹೆಸರಿನ ಬಗ್ಗೆ ಖರ್ಚಾದ ಆ ಸಿಟ್ಟಿನಲ್ಲಿ ಅರ್ಧದಷ್ಟಾದರೂ ಆಸ್ಪತ್ರೆಗಳಲ್ಲಿ ಕೈ ತೊಳೆಯುವ ನಲ್ಲಿಗಳ ಮೇಲೆ ಖರ್ಚಾಗಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ನನಗೆ ಈಗಲೂ ನೋವಾಗುತ್ತದೆ.

ಹಾರೆಯವರು ಮತ್ತು ಬಂದೂಕಿನವರು

1520ರಲ್ಲಿ ಕೃಷ್ಣದೇವರಾಯ ಇದೇ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಅವನ ಆಳುಗಳು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳಲು ಹೋದರೆ ಮೇಲಿನಿಂದ ಬಾಣ, ಗುಂಡು, ಕಲ್ಲುಗಳ ಮಳೆ. ಆಗ ಅವನ ಪಾಳೆಯಕ್ಕೆ ಬಂದಿದ್ದ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲೆ ತಲೆ ಎತ್ತಿದವರಿಗೆಲ್ಲ ಗುರಿಯಿಟ್ಟರು ಎಂದು ಅಂದಿನ ಪೋರ್ಚುಗೀಸ್ ಬರಹಗಳು ಹೇಳುತ್ತವೆ. ಕಾವಲಿನವರು ತಲೆ ಎತ್ತದಾದಾಗ ಹಾರೆಯವರು ನಿಶ್ಚಿಂತೆಯಿಂದ ಕಲ್ಲು ಕಿತ್ತರು. ಬಂದೂಕು ಗೋಡೆಯನ್ನು ಕೆಡವಲಿಲ್ಲ. ಹಾರೆ ಕಾವಲಿನವರನ್ನು ಕೊಲ್ಲಲಿಲ್ಲ. ಒಂದಿಲ್ಲದೆ ಇನ್ನೊಂದಕ್ಕೆ ಬೆಲೆಯಿರಲಿಲ್ಲ.

ದೊಡ್ಡಪ್ಪನ ಔಷಧದ ಜೋಡಿ ಹೀಗೆಯೇ ಕೆಲಸ ಮಾಡುತ್ತದೆ. ಅಜ್ಟ್ರಿಯೋನಾಮ್ 1980ರ ದಶಕದ ಹಳೆಯ ಔಷಧ, ಬೀಟಾ ಲ್ಯಾಕ್ಟಮ್ ಕುಟುಂಬದ್ದೇ. ಅದರ ವಿಶೇಷವೆಂದರೆ, ಕುಟುಂಬದ ಉಳಿದವರನ್ನೆಲ್ಲ ಕತ್ತರಿಸುವ ಎನ್‌ಡಿಎಂಗೆ ಇದನ್ನು ಕತ್ತರಿಸಲು ಬರುವುದಿಲ್ಲ. ಹಾಗಾದರೆ ಇದೊಂದನ್ನೇ ಕೊಟ್ಟರೆ ಸಾಲದೇ? ಸಾಲದು. ಎನ್‌ಡಿಎಂ ಇರುವ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಬೇರೆ ಬೀಟಾ ಲ್ಯಾಕ್ಟಮೇಸ್‌ಗಳೂ ಜೊತೆಗಿರುತ್ತವೆ. ಅವು ಅಜ್ಟ್ರಿಯೋನಾಮನ್ನು ಕತ್ತರಿಸುತ್ತವೆ. ಅದಕ್ಕೇ ವರದಿಯಲ್ಲಿ ಅದರ ಮುಂದೆ 'ಆರ್'. ಇನ್ನು ಅವಿಬ್ಯಾಕ್ಟಮ್ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧವಲ್ಲ. ಕಿಣ್ವಗಳ ಬಾಯಿಗೆ ಬೆಣೆ ಹೊಡೆಯುವುದು ಅದರ ಕೆಲಸ. ಎನ್‌ಡಿಎಂ ಬಾಯಿಗೆ ಅದರ ಬೆಣೆ ಹೊಂದುವುದಿಲ್ಲ, ಉಳಿದ ಹಲವು ಕಿಣ್ವಗಳ ಬಾಯಿಗೆ ಹೊಂದುತ್ತದೆ. ಹೀಗಾಗಿ ಎನ್‌ಡಿಎಂ ತನ್ನ ಕತ್ತರಿ ಹಿಡಿದುಕೊಂಡೇ ಇದ್ದರೂ ಅಜ್ಟ್ರಿಯೋನಾಮ್ ಅದರ ಪಕ್ಕದಲ್ಲೇ ಹಾದು ಹೋಗುತ್ತದೆ. ಉಳಿದ ಕಾವಲುಗಾರರನ್ನು ಅವಿಬ್ಯಾಕ್ಟಮ್ ತಲೆ ಎತ್ತಗೊಡುವುದಿಲ್ಲ. ಗೋಡೆ ಬೀಳುತ್ತದೆ.

ಸೆಫ್ಟಾಜಿಡಿಮ್ ಇಲ್ಲಿ ಏನು ಮಾಡುತ್ತಿದೆ ಎಂದು ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆ. ಈ ಬ್ಯಾಕ್ಟೀರಿಯಾದ ವಿಷಯದಲ್ಲಿ ಅದು ಮಾಡುವುದು ಬಹಳ ಕಡಿಮೆ, ಎನ್‌ಡಿಎಂ ಅದನ್ನು ಕತ್ತರಿಸಿಹಾಕುತ್ತದೆ. ಅವಿಬ್ಯಾಕ್ಟಮ್ ಬಹುಕಾಲ ಸೆಫ್ಟಾಜಿಡಿಮ್ ಜೊತೆಗೆ ಒಂದೇ ಸೀಸೆಯಲ್ಲಿ ಮಾತ್ರ ಸಿಗುತ್ತಿತ್ತು. ಬೆಣೆ ಬೇಕೆಂದರೆ ಸೀಸೆಯನ್ನೇ ಕೊಳ್ಳಬೇಕಿತ್ತು. ಈ ಸೀಸೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2015ರಲ್ಲಿ. ಅಲ್ಲಿನ ಆಸ್ಪತ್ರೆಗಳನ್ನು ಕಾಡುತ್ತಿದ್ದ ಕೆಪಿಸಿ ಎಂಬ ಕಿಣ್ವಕ್ಕೆ ಅವಿಬ್ಯಾಕ್ಟಮ್ ಚೆನ್ನಾಗಿ ಹೊಂದುತ್ತದೆ, ನಮ್ಮಲ್ಲಿ ಕೆಪಿಸಿ ಅಪರೂಪ. ಅಜ್ಟ್ರಿಯೋನಾಮ್ ಮತ್ತು ಅವಿಬ್ಯಾಕ್ಟಮ್ ಎರಡನ್ನೇ ಸೇರಿಸಿದ ಔಷಧಕ್ಕೆ ಯೂರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರ ಫೆಬ್ರುವರಿಯಲ್ಲಿ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ, ನಮಗೆ ಬೇಕಾದ ಜೋಡಿಯನ್ನು ಎರಡು ಸೀಸೆಗಳಿಂದ ವೈದ್ಯರು ತಾವೇ ಕೂಡಿಸಿಕೊಳ್ಳಬೇಕಿತ್ತು.

ಕೂಡಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಎರಡು ಡ್ರಿಪ್‌ಗಳನ್ನು ಒಂದೇ ಹೊತ್ತಿಗೆ, ನಿಧಾನವಾಗಿ ಹರಿಸಬೇಕು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂದರೆ ಹಾರೆಯವರು ಬಂದಾಗ ಬಂದೂಕಿನವರು ಮನೆಗೆ ಹೋಗಿರುತ್ತಾರೆ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ದ್ರವ ಆಹಾರ ತುಂಬಿದ ಕೊಳವೆಗಳಲ್ಲಿ ಔಷಧದ ಬಿಲ್ಲೆಗಳನ್ನು ನೆನೆಸಿ ಬ್ಯಾಕ್ಟೀರಿಯಾ ಬಿಡುತ್ತೇವೆ. ಅಜ್ಟ್ರಿಯೋನಾಮ್ ಬಿಲ್ಲೆ ಮಾತ್ರ ಇರುವ ಕೊಳವೆ ಮರುದಿನ ಕದಡಿರುತ್ತದೆ. ಸೆಫ್ಟಾಜಿಡಿಮ್–ಅವಿಬ್ಯಾಕ್ಟಮ್ ಬಿಲ್ಲೆ ಮಾತ್ರ ಇರುವುದೂ ಕದಡಿರುತ್ತದೆ. ಎರಡೂ ಬಿಲ್ಲೆಗಳಿರುವ ಮೂರನೆಯ ಕೊಳವೆ ತಿಳಿಯಾಗಿರುತ್ತದೆ. ಎಷ್ಟು ಸಲ ಮಾಡಿದರೂ, ಬೆಳಕಿಗೆ ಆ ಮೂರನೆಯ ಕೊಳವೆ ಹಿಡಿದು ನೋಡುವ ಕ್ಷಣದಲ್ಲಿ ನನ್ನ ಎದೆ ಹಗುರಾಗುತ್ತದೆ. ಕೊಳವೆಯಲ್ಲಿ ಕಂಡದ್ದು ರೋಗಿಗಳಲ್ಲೂ ಕಂಡಿದೆ. ಇಟಲಿ ಮತ್ತು ಗ್ರೀಸ್‌ನ ಆಸ್ಪತ್ರೆಗಳಲ್ಲಿ ಇಂತಹ ರಕ್ತದ ಸೋಂಕಿದ್ದ 102 ರೋಗಿಗಳನ್ನು ಗಮನಿಸಿದಾಗ, ಈ ಜೋಡಿ ಪಡೆದವರಲ್ಲಿ 30 ದಿನಗಳೊಳಗೆ ಸತ್ತವರು ಶೇ 19, ಬೇರೆ ಚಿಕಿತ್ಸೆ ಪಡೆದವರಲ್ಲಿ ಶೇ 44. ಚೀಟಿ ಎತ್ತಿ ರೋಗಿಗಳನ್ನು ಹಂಚಿ ಮಾಡಿದ ಪ್ರಯೋಗ ಅದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ವ್ಯತ್ಯಾಸ ಸಣ್ಣದಲ್ಲ. ಇದರ ವಿರುದ್ಧವೂ ಬ್ಯಾಕ್ಟೀರಿಯಾ ಸುಮ್ಮನೆ ಕುಳಿತಿಲ್ಲ. ಭಾರತದಲ್ಲಿ ಈ-ಕೊಲೈ ಎಂಬ ಗ್ರಾಮ್ ನೆಗೆಟಿವ್‌ನ ಕೆಲವು ತಳಿಗಳು ಅಜ್ಟ್ರಿಯೋನಾಮ್ ಹಿಡಿಯುವ ಜಾಗದ ಆಕಾರವನ್ನೇ ಬದಲಿಸಿಕೊಂಡಿವೆ.

ಹತ್ತಿ ಹೊಲದಲ್ಲಿ ಕಲಿತದ್ದು

ತಮ್ಮ ಓದಿದ್ದು ಕಡಿಮೆ. ಆದರೆ ಮಾನ್ವಿ ಕಡೆಯ ಎರೆ ಹೊಲದಲ್ಲಿ ಇಪ್ಪತ್ತು ವರ್ಷ ಹತ್ತಿ ಬೆಳೆದವನು. ಹಾಗಾಗಿ ಮುಂದಿನ ಭಾಗ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

2002ರಲ್ಲಿ ಬಿಟಿ ಹತ್ತಿ ಭಾರತಕ್ಕೆ ಬಂದಾಗ ಅದರಲ್ಲಿ ಕಾಯಿಕೊರಕವನ್ನು ಕೊಲ್ಲುವ ಒಂದು ವಿಷ ಇತ್ತು. 2006ರಲ್ಲಿ ಎರಡು ವಿಷಗಳಿರುವ ಬೀಜ ಬಂತು. ಲೆಕ್ಕ ಸರಳವಾಗಿತ್ತು. ಒಂದು ವಿಷಕ್ಕೆ ಜಗ್ಗದ ಹುಳು ಸಾವಿರಾರಕ್ಕೆ ಒಂದಿರಬಹುದು, ಅದನ್ನು ಎರಡನೆಯ ವಿಷ ಕೊಲ್ಲುತ್ತದೆ. ಎರಡಕ್ಕೂ ಜಗ್ಗದ ಹುಳು ಹುಟ್ಟುವುದು ಅತ್ಯಂತ ಅಪರೂಪ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿತ್ತು. ಎರಡು ವಿಷಗಳೂ ಒಂಟಿಯಾಗಿಯೇ ಹುಳುವನ್ನು ಕೊಲ್ಲಲು ಶಕ್ತವಾಗಿರಬೇಕು. ಗುಲಾಬಿ ಕಾಯಿಕೊರಕದ ವಿಷಯದಲ್ಲಿ ಷರತ್ತು ಮುರಿದುಬಿತ್ತು. ಅದು ಮೊದಲ ವಿಷಕ್ಕೆ ಒಗ್ಗಿಕೊಂಡಿರುವುದು ಗುಜರಾತಿನಲ್ಲಿ 2010ರ ಹೊತ್ತಿಗೆ ಬಯಲಾಗಿತ್ತು. ಒಂದು ವಿಷದ ಬೀಜ, ಎರಡು ವಿಷದ ಬೀಜ ಅಕ್ಕಪಕ್ಕದ ಹೊಲಗಳಲ್ಲೇ ಇದ್ದವು. ಎರಡನೆಯ ವಿಷ ಚೀಲದ ಮೇಲೆ ಜೊತೆಗಾರನಿದ್ದಂತೆ ಕಂಡರೂ ಹೊಲದಲ್ಲಿ ಒಂಟಿಯಾಗಿಯೇ ಹೋರಾಡುತ್ತಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಅದೂ ಸೋತಿತು. 450 ಗ್ರಾಂ ಬೀಜದ ಜೊತೆಗೆ ಕೊಡುತ್ತಿದ್ದ 120 ಗ್ರಾಂ ಸಾದಾ ಹತ್ತಿಯ ಪೊಟ್ಟಣವನ್ನು ಹೊಲದ ಅಂಚಿಗೆ ಬಿತ್ತಿದ್ದರೆ ವಿಷಕ್ಕೆ ಜಗ್ಗುವ ಹುಳುಗಳ ಸಂತತಿಯೂ ಉಳಿದು ಸೋಲು ತಡವಾಗುತ್ತಿತ್ತು. "ಆ ಪೊಟ್ಟಣ ನಾವ್ಯಾರೂ ಬಿತ್ತಲಿಲ್ಲ, ಅಕ್ಕಾ" ಎಂದ ತಮ್ಮ.

ಔಷಧದಲ್ಲಿ ಈ ಲೆಕ್ಕ ನಿಜವಾಗಿ ಗೆದ್ದದ್ದು ಕ್ಷಯದಲ್ಲಿ. ಐಸೋನಿಯಾಜಿಡ್‌ಗೆ ತಾನಾಗಿ ಜಗ್ಗದ ಕ್ಷಯಾಣು ಸುಮಾರು ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಜಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು. ಎರಡಕ್ಕೂ ಜಗ್ಗದ ಕ್ಷಯಾಣುವನ್ನು ಹುಡುಕಬೇಕೆಂದರೆ ಕೋಟಿ ಕೋಟಿ, ಅಂದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಕ್ಷಯಾಣುಗಳು ಬೇಕು. ಒಬ್ಬ ರೋಗಿಯ ಶ್ವಾಸಕೋಶದಲ್ಲಿ ಅಷ್ಟಿರುವುದಿಲ್ಲ. ಅದಕ್ಕೇ ಕ್ಷಯಕ್ಕೆ ಒಂದೇ ಗುಳಿಗೆ ಕೊಡುವುದಿಲ್ಲ, ಮೊದಲ ಎರಡು ತಿಂಗಳು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ.

ಹಾಗಾದರೆ ಕ್ಲೆಬ್ಸಿಯೆಲ್ಲಾಕ್ಕೂ ನಾಲ್ಕು ಔಷಧ ಕೊಟ್ಟರಾಯಿತಲ್ಲ? ಇಲ್ಲಿ ಲೆಕ್ಕ ಕೆಡುತ್ತದೆ, ಕೆಡುವ ಕಾರಣವನ್ನು ಎಲ್ಲರೂ ತಿಳಿಯಬೇಕೆಂದು ನನ್ನ ಆಸೆ. ಕ್ಷಯಾಣು ತನ್ನೊಳಗೆ ಆಕಸ್ಮಿಕವಾಗಿ ಆಗುವ ಬದಲಾವಣೆಗಳಿಂದ, ಒಂದೊಂದಾಗಿ ಔಷಧಗಳಿಗೆ ಒಗ್ಗಿಕೊಳ್ಳುತ್ತದೆ. ಗ್ರಾಮ್ ನೆಗೆಟಿವ್‌ಗಳಿಗೆ ಅಷ್ಟು ಕಾಯುವ ಅಗತ್ಯವಿಲ್ಲ. ಅವುಗಳ ನಡುವೆ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳು ಕೈಯಿಂದ ಕೈಗೆ ದಾಟುತ್ತವೆ, ಒಂದು ಜಾತಿಯಿಂದ ಇನ್ನೊಂದು ಜಾತಿಗೂ ದಾಟುತ್ತವೆ. ಒಂದೇ ಉಂಗುರದಲ್ಲಿ ಎನ್‌ಡಿಎಂ ಇರುತ್ತದೆ, ಜೆಂಟಮೈಸಿನ್ ಮತ್ತು ಅಮಿಕಾಸಿನ್‌ಗಳನ್ನು ಸೋಲಿಸುವ ಜೀನ್ ಇರುತ್ತದೆ, ಮತ್ತೆರಡು ಮೂರು ಔಷಧಗಳ ಬೀಗದಕೈಯೂ ಇರುತ್ತದೆ. ಅಲ್ಲಿ ಹತ್ತು ಲಕ್ಷವನ್ನು ಹತ್ತು ಕೋಟಿಯಿಂದ ಗುಣಿಸುವ ಮಾತೇ ಇಲ್ಲ, ಗೊಂಚಲು ಇಡಿಯಾಗಿ ಕೈ ಸೇರಿರುತ್ತದೆ. ಮೇಲಾಗಿ, ಆ ಔಷಧಗಳಲ್ಲಿ ಯಾವುದೊಂದನ್ನು ಬಳಸಿದರೂ ಇಡೀ ಗೊಂಚಲು ಇಟ್ಟುಕೊಂಡ ಬ್ಯಾಕ್ಟೀರಿಯಾವೇ ಉಳಿದು ಬೆಳೆಯುತ್ತದೆ.

ಸಮಂಜಸವಾಗಿ ಕಂಡ ಜೋಡಿ

ಈಗ ವರದಿಯಲ್ಲಿದ್ದ ಆ ಒಂದು 'ಐ' ಬಗ್ಗೆ. ಅದು ಕೊಲಿಸ್ಟಿನ್. ಜಪಾನಿನಲ್ಲಿ 1940ರ ದಶಕದ ಕೊನೆಯಲ್ಲಿ ಬ್ಯಾಕ್ಟೀರಿಯಾವೊಂದರಿಂದ ಪಡೆದ ಔಷಧ. ಹೊರಪೊರೆಯ ಅಣುಗಳನ್ನು ಹಿಡಿದಿಡುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಪಕ್ಕಕ್ಕೆ ಸರಿಸಿ, ಕಲ್ಲುಗಳ ನಡುವಿನ ಗಾರೆ ಕಿತ್ತಂತೆ ಪೊರೆಯನ್ನು ಸಡಿಲಿಸುತ್ತದೆ. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು 1970ರ ದಶಕದಲ್ಲಿ ವೈದ್ಯರು ಇದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು, ಬೇರೆ ದಾರಿ ಕಾಣದೆ ಮತ್ತೆ ಕೈಗೆತ್ತಿಕೊಂಡರು. ಈ ನಡುವೆ ಕೋಳಿಗಳು ಬೇಗ ಬೆಳೆಯಲೆಂದು ಅವುಗಳ ಆಹಾರದಲ್ಲಿ ಇದನ್ನು ಬೆರೆಸುತ್ತಿದ್ದರು. ಕೊಲಿಸ್ಟಿನ್ ಸೋಲಿಸುವ ಜೀನ್ ಪ್ಲಾಸ್ಮಿಡ್ ಮೇಲೆ ಹತ್ತಿ ತಿರುಗುತ್ತಿದೆ ಎಂಬ ಸುದ್ದಿ 2015ರಲ್ಲಿ ಚೀನಾದಿಂದ ಬಂತು. 2019ರಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಸರಿಯಾದ ನಿರ್ಧಾರ, ತಡವಾಗಿ ಬಂದರೂ.

ನಮ್ಮ ವರದಿಗಳಲ್ಲಿ ಕೊಲಿಸ್ಟಿನ್ ಮುಂದೆ 'ಎಸ್', ಅಂದರೆ ಔಷಧ ತಾಗುತ್ತದೆ, ಎಂದು ಕಾಣದೆ ಹೋದರೆ ಗಾಬರಿಯಾಗಬೇಡಿ. ನಾವು ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಈ ಔಷಧಕ್ಕೆ 'ಎಸ್' ಎಂಬ ವರ್ಗವೇ ಇಲ್ಲ. 'ಐ' ಅಥವಾ 'ಆರ್' ಮಾತ್ರ. ಕೊಳವೆಯಲ್ಲಿ ಬ್ಯಾಕ್ಟೀರಿಯಾ ಸತ್ತರೂ ರೋಗಿಯ ದೇಹದಲ್ಲಿ, ಅದರಲ್ಲೂ ಶ್ವಾಸಕೋಶದಲ್ಲಿ, ಅಷ್ಟು ಔಷಧ ತಲುಪುತ್ತದೆಂಬ ಭರವಸೆ ಇಲ್ಲ ಎಂಬುದನ್ನು ಅದು ಒಪ್ಪಿಕೊಂಡಂತೆ.

ಕೊಲಿಸ್ಟಿನ್ ಹೊರಪೊರೆಯನ್ನು ಸಡಿಲಿಸಿದರೆ ಮೆರೋಪೆನೆಮ್ ಸುಲಭವಾಗಿ ಒಳನುಗ್ಗಬೇಕಲ್ಲವೇ? ಕೇಳಲು ಎಷ್ಟು ಸಮಂಜಸ. ಪ್ರಯೋಗಾಲಯದ ಕೊಳವೆಗಳಲ್ಲಿ ಎಷ್ಟೋ ಸಲ ಹಾಗೆಯೇ ಆಯಿತು. ಜಗತ್ತಿನ ಎಷ್ಟೋ ತೀವ್ರ ನಿಗಾ ಘಟಕಗಳಲ್ಲಿ ಈ ಜೋಡಿ ರೂಢಿಯಾಯಿತು. ಆಮೇಲೆ ಪರೀಕ್ಷೆ ನಡೆಯಿತು. ಇಸ್ರೇಲ್, ಗ್ರೀಸ್, ಇಟಲಿಗಳಲ್ಲಿ 406 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೊಲಿಸ್ಟಿನ್ ಮಾತ್ರ, ಇನ್ನೊಂದಕ್ಕೆ ಕೊಲಿಸ್ಟಿನ್ ಮತ್ತು ಮೆರೋಪೆನೆಮ್ ಕೊಟ್ಟರು. 2018ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆ ಸೋತದ್ದು ಕೊಲಿಸ್ಟಿನ್ ಮಾತ್ರ ಪಡೆದವರಲ್ಲಿ ಶೇ 79, ಜೋಡಿ ಪಡೆದವರಲ್ಲಿ ಶೇ 73. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಹೆಚ್ಚಿನವರಲ್ಲಿದ್ದದ್ದು ಅಸಿನೆಟೋಬ್ಯಾಕ್ಟರ್ ಎಂಬ ಗ್ರಾಮ್ ನೆಗೆಟಿವ್. ಮತ್ತೊಂದು ದೊಡ್ಡ ಪ್ರಯೋಗ 2023ರಲ್ಲಿ ಪ್ರಕಟವಾಯಿತು. 28 ದಿನಗಳಲ್ಲಿ ಸತ್ತವರು ಶೇ 43 ಮತ್ತು ಶೇ 37. ಮತ್ತೆ ಜೋಡಿಯ ಕಡೆಗೆ ಸ್ವಲ್ಪ ವಾಲಿದರೂ ಖಚಿತ ಲಾಭ ಎನ್ನಲಾಗದ ಅಂತರ.

ಯಾಕೆ ಹೀಗೆ? ಹತ್ತಿ ಹೊಲಕ್ಕೇ ಹಿಂತಿರುಗಬೇಕು. ಆ ಅಸಿನೆಟೋಬ್ಯಾಕ್ಟರ್‌ಗಳು ಮೆರೋಪೆನೆಮ್‌ಗೆ ಮೊದಲೇ ಸಂಪೂರ್ಣ ಒಗ್ಗಿಕೊಂಡಿದ್ದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದಲ್ಲಿರುವ ಆಸ್ಪತ್ರೆಗಳಲ್ಲೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಅಸಿನೆಟೋಬ್ಯಾಕ್ಟರ್‌ಗಳು ಈ ಗುಂಪಿನ ಔಷಧಕ್ಕೆ ಜಗ್ಗುವುದಿಲ್ಲ. ಕೊಲಿಸ್ಟಿನ್ ಪೊರೆ ಸಡಿಲಿಸಿ ಒಳಗೆ ಬಿಟ್ಟರೂ ನಡುವಿನ ಜಾಗದಲ್ಲಿ ಕಿಣ್ವಗಳು ಕತ್ತರಿ ಹಿಡಿದು ನಿಂತಿವೆ, ಅವುಗಳ ಬಾಯಿಗೆ ಯಾರೂ ಬೆಣೆ ಹೊಡೆದಿಲ್ಲ. ದೊಡ್ಡಪ್ಪನ ಜೋಡಿಯಲ್ಲಿ ಒಂದು ಔಷಧ ಇನ್ನೊಂದರ ಶತ್ರುವನ್ನೇ ಗುರುತಿಸಿ ತಡೆಯುತ್ತದೆ. ಈ ಜೋಡಿಯಲ್ಲಿ ಅಂತಹ ಹೊಂದಾಣಿಕೆ ಇಲ್ಲ, ಅಕ್ಕಪಕ್ಕದಲ್ಲಿ ನಡೆಯುವುದಷ್ಟೇ. ಕೊಳವೆಯಲ್ಲಿ ನಾವು ಔಷಧದ ಪ್ರಮಾಣವನ್ನು ನಮಗೆ ಬೇಕಾದಂತೆ ಇಡುತ್ತೇವೆ. ದೇಹದಲ್ಲಿ ಅದು ಏರುತ್ತದೆ, ಇಳಿಯುತ್ತದೆ, ಕೀವಿನ ಒಳಗೆ ಇಳಿಯದೆ ಉಳಿಯುತ್ತದೆ. ಯೂರೋಪಿನ ತಜ್ಞರ ಮಾರ್ಗಸೂಚಿ ಈಗ ಅಸಿನೆಟೋಬ್ಯಾಕ್ಟರ್‌ಗೆ ಈ ಜೋಡಿ ಬೇಡ ಎಂದೇ ಹೇಳುತ್ತದೆ. ಅದೇ ಅಸಿನೆಟೋಬ್ಯಾಕ್ಟರ್‌ಗೆ ಸಲ್ಬ್ಯಾಕ್ಟಮ್ ಮತ್ತು ಡರ್ಲೋಬ್ಯಾಕ್ಟಮ್ ಎಂಬ ಜೋಡಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಲ್ಲಿ ಸಲ್ಬ್ಯಾಕ್ಟಮ್ ಹಾರೆ, ಡರ್ಲೋಬ್ಯಾಕ್ಟಮ್ ಬಂದೂಕು.

ಜೋಡಿ ಕೆಲವೊಮ್ಮೆ ಕೆಡುಕನ್ನೂ ಮಾಡುತ್ತದೆ. 1951ರಲ್ಲೇ ಅಮೆರಿಕದ ವೈದ್ಯರು ಮಿದುಳುಪೊರೆಯ ಸೋಂಕಿಗೆ ಪೆನಿಸಿಲಿನ್ ಒಂದನ್ನೇ ಪಡೆದವರಿಗಿಂತ, ಅದರ ಜೊತೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧವನ್ನೂ ಪಡೆದವರಲ್ಲಿ ಹೆಚ್ಚು ಜನ ಸತ್ತದ್ದನ್ನು ದಾಖಲಿಸಿದರು. ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು, ಟೆಟ್ರಾಸೈಕ್ಲಿನ್ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಗೋಡೆ ಕಟ್ಟುವುದನ್ನೇ ನಿಲ್ಲಿಸಿದವನ ಗೋಡೆಯನ್ನು ಕೆಡಿಸುವುದು ಹೇಗೆ? ಕೊಲಿಸ್ಟಿನ್ ಜೊತೆಗೆ ಜೆಂಟಮೈಸಿನ್ ಗುಂಪಿನದ್ದನ್ನು ಕೊಟ್ಟರೆ ಮೂತ್ರಪಿಂಡದ ಮೇಲೆ ಎರಡು ಕಡೆಯಿಂದ ಹೊಡೆತ ಬೀಳುತ್ತದೆ. ಹೆಸರಿಗೆ ಜೋಡಿಯಾಗಿದ್ದೂ ಒಂಟಿ ಔಷಧಕ್ಕೆ ಸರಿಸಾಟಿಯಾಗದ ಉದಾಹರಣೆಯೂ ಇದೆ. ಬೆಣೆಯಿರುವ ಪಿಪೆರಾಸಿಲಿನ್–ಟಾಜೋಬ್ಯಾಕ್ಟಮ್ ಮತ್ತು ಒಂಟಿ ಮೆರೋಪೆನೆಮ್‌ಗಳನ್ನು, ಸೆಫ್ಟ್ರಿಯಾಕ್ಸೋನ್‌ಗೆ ಜಗ್ಗದ ಈ-ಕೊಲೈ ಮತ್ತು ಕ್ಲೆಬ್ಸಿಯೆಲ್ಲಾ ರಕ್ತದ ಸೋಂಕಿನಲ್ಲಿ ಹೋಲಿಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. 30 ದಿನಗಳಲ್ಲಿ ಸತ್ತವರು ಮೊದಲನೆಯದರಲ್ಲಿ ಶೇ 12.3, ಎರಡನೆಯದರಲ್ಲಿ ಶೇ 3.7.

ಕಾರಣವಿಲ್ಲದ ಜೋಡಿಗಳು

ಇದೆಲ್ಲ ದೊಡ್ಡ ಆಸ್ಪತ್ರೆಯ ಮಾತು ಎನ್ನಬೇಡಿ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ತಾಲ್ಲೂಕಿಗೆ ಹೋದರೂ ಭೇದಿ ಎಂದೊಡನೆ ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಸೇರಿದ ಗುಳಿಗೆ ಸಿಗುತ್ತದೆ. ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಅಮೀಬಾದಂತಹ ಜೀವಿಗೆ. ಎರಡೂ ಒಟ್ಟಿಗೆ ಇರುವ ರೋಗಿ ಅಪರೂಪ, ಬಹುಪಾಲು ಭೇದಿಗೆ ಎರಡೂ ಬೇಡ, ಉಪ್ಪು ಸಕ್ಕರೆಯ ದ್ರಾವಣ ಸಾಕು. ಭತ್ತಕ್ಕೆ ಒಂದೇ ಕ್ಯಾನಿನಲ್ಲಿ ಮೂರು ಕೀಟನಾಶಕ ಬೆರೆಸಿ ಹೊಡೆದು, ಯಾವುದು ತಾಗಿತೆಂದು ತಿಳಿಯದೆ ಮುಂದಿನ ಸಲವೂ ಮೂರನ್ನೇ ಹೊಡೆಯುತ್ತೇವಲ್ಲ, ಹಾಗೆ. ಇಂತಹ ಅರ್ಥವಿಲ್ಲದ ಸಂಯೋಜನೆಗಳನ್ನು ಕೇಂದ್ರ ಸರ್ಕಾರ ಹಂತಹಂತವಾಗಿ ನಿಷೇಧಿಸುತ್ತ ಬಂದಿದೆ. 2018ರಲ್ಲಿ 328, 2024ರ ಆಗಸ್ಟ್‌ನಲ್ಲಿ 156. ಈ ಪಟ್ಟಿಗಳಲ್ಲಿದ್ದವು ಆಂಟಿಬಯಾಟಿಕ್‌ಗಳು ಮಾತ್ರವಲ್ಲ. ಆದರೆ ಎರಡನ್ನು ಒಂದೇ ಗುಳಿಗೆಯಲ್ಲಿ ಕೂಡಿಸಲು ಒಂದು ವೈದ್ಯಕೀಯ ಕಾರಣ ಇರಬೇಕೆಂಬ ತತ್ವ ಒಂದೇ.

ಕಾರಣವಿರುವ ಜೋಡಿ ಆಸ್ಪತ್ರೆಯಲ್ಲಿ ಇನ್ನೊಂದು ಬಗೆಯದೂ ಉಂಟು. ರೋಗಿಯ ರಕ್ತದೊತ್ತಡ ಕುಸಿಯುತ್ತಿದೆ, ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಿಲ್ಲ, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿ ಬರಲು ಎರಡು ಮೂರು ದಿನ ಬೇಕು. ಆಗ ವೈದ್ಯರು ಬಲೆಯನ್ನು ಅಗಲವಾಗಿ ಬೀಸುತ್ತಾರೆ. ಎರಡರಲ್ಲಿ ಒಂದಾದರೂ ತಾಗಲಿ ಎಂದು ಎರಡು ಔಷಧ ಆರಂಭಿಸುತ್ತಾರೆ. ಇದು ಸರಿ. ವರದಿ ಬಂದ ಮೇಲೂ ಎರಡನ್ನೂ ಮುಂದುವರಿಸುವುದು ಸರಿಯಲ್ಲ. ಆದ್ದರಿಂದ ನಿಮ್ಮವರು ಯಾರಾದರೂ ಹೀಗೆ ಮಲಗಿದ್ದರೆ ಕೇಳಬೇಕಾದ ಪ್ರಶ್ನೆಗಳು ಇವು: ಮೊದಲ ಆಂಟಿಬಯಾಟಿಕ್ ಕೊಡುವ ಮೊದಲೇ ರಕ್ತ ಮತ್ತು ಮೂತ್ರವನ್ನು ಕಲ್ಚರ್‌ಗೆ ಕಳಿಸಿದ್ದೀರಾ? ವರದಿ ಯಾವತ್ತು ಬರುತ್ತದೆ? ಬಂದ ಮೇಲೆ ಇದರಲ್ಲಿ ಯಾವುದನ್ನು ನಿಲ್ಲಿಸುತ್ತೀರಿ? ಕೇಳುವುದು ಅಧಿಕಪ್ರಸಂಗವಲ್ಲ. ನನಗೆ ತಿಳಿದಿರುವ ಒಳ್ಳೆಯ ವೈದ್ಯರು ಈ ಪ್ರಶ್ನೆ ಕೇಳಿದರೆ ಕುಳಿತು ಉತ್ತರಿಸುತ್ತಾರೆ.

ಎಷ್ಟು ಜನರ ಪ್ರಶ್ನೆ ಇದು ಎಂದರೆ, 2019ರಲ್ಲಿ ಜಗತ್ತಿನಾದ್ಯಂತ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳಿಂದಲೇ ಸತ್ತವರು ಸುಮಾರು 12.7 ಲಕ್ಷ ಎಂದು ಅಂದಾಜಿದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಪಟ್ಟಿಯಲ್ಲಿ ಅತಿ ಗಂಭೀರ ಎಂಬ ಮೊದಲ ಸಾಲಿನಲ್ಲಿ ಮೆರೋಪೆನೆಮ್ ಗುಂಪಿಗೆ ಜಗ್ಗದ ಅಸಿನೆಟೋಬ್ಯಾಕ್ಟರ್ ಇದೆ, ದೊಡ್ಡಪ್ಪನ ರಕ್ತದಲ್ಲಿದ್ದ ಕ್ಲೆಬ್ಸಿಯೆಲ್ಲಾದ ಬಳಗವೂ ಇದೆ.

ದೊಡ್ಡಪ್ಪನಿಗೆ ಈ ಬ್ಯಾಕ್ಟೀರಿಯಾ ಬಂದ ದಾರಿ ಮೂತ್ರದ ನಳಿಕೆ. ಪ್ರಾಸ್ಟೇಟ್ ತೊಂದರೆಗೆಂದು ಹಾಕಿದ ನಳಿಕೆ ತಿಂಗಳುಗಟ್ಟಲೆ ಉಳಿದಿತ್ತು. ದಾಖಲಾದ ರಾತ್ರಿ ಮೆರೋಪೆನೆಮ್ ಮತ್ತು ಕೊಲಿಸ್ಟಿನ್ ಶುರುವಾಗಿದ್ದವು. ವರದಿ ಬಂದ ದಿನ ಅವೆರಡನ್ನೂ ನಿಲ್ಲಿಸಿ ಹೊಸ ಜೋಡಿ ಬರೆದರು, ಹಳೆಯ ನಳಿಕೆ ತೆಗೆಸಿದರು. "ಆ ಹಳೆಯ ಎರಡೂ ಇರಲಿ ಎಂದು ಬಿಡಬಹುದಿತ್ತಲ್ಲ, ಅಕ್ಕಾ?" ಎಂದು ತಮ್ಮ ಕೇಳಿದ. ಕೊಲಿಸ್ಟಿನ್ ಇನ್ನೂ ನಾಲ್ಕು ದಿನ ಇದ್ದಿದ್ದರೆ ದೊಡ್ಡಪ್ಪನ ಮೂತ್ರಪಿಂಡ ಡಯಾಲಿಸಿಸ್‌ಗೆ ಹೋಗುವ ಅಪಾಯವಿತ್ತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಡ್ರಿಪ್‌ಗಳು ಎರಡೂ ಒಟ್ಟಿಗೆ ಹನಿಯುತ್ತಿವೆಯೇ ಎಂದು ನೋಡಿ ಬರಲು ಒಳಗೆ ಹೋದ.

ಜ್ವರ ನಾಲ್ಕನೆಯ ದಿನ ಇಳಿಯಿತು. ಮನೆಗೆ ಹೊರಡುವಾಗ ನಾನು ಅವನಿಗೆ ಒಂದು ಕೆಲಸ ಹೇಳಿದೆ. ಇಂತಹ ಬ್ಯಾಕ್ಟೀರಿಯಾ ಸೋಂಕು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿಯಬಹುದು. ಮುಂದೆ ಎಂದಾದರೂ ಜ್ವರ ಬಂದು ಯಾವ ಆಸ್ಪತ್ರೆಗೆ ಹೋದರೂ ಈ ಕಲ್ಚರ್ ವರದಿಯನ್ನು ಮೊದಲು ತೋರಿಸಬೇಕು, ಆಗ ಮೊದಲ ರಾತ್ರಿಯ ಔಷಧವೇ ಸರಿಯಾದದ್ದಾಗುತ್ತದೆ. ಅವನು ಬಸ್ ನಿಲ್ದಾಣದ ಹತ್ತಿರ ಅದರ ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ದೊಡ್ಡಪ್ಪನ ಅಂಗಿಯ ಜೇಬಿಗೆ ಹಾಕಿ, ಮೂಲ ಪ್ರತಿಯನ್ನು ಹೊಲದ ಪಹಣಿ ಇಟ್ಟಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡ.